ಮಳವಳ್ಳಿಯ ಒತ್ತಕ್ಷರ, ಲಿನಕ್ಸಿನ ಹೊಸ ಪರದೆ

ಲಿನಕ್ಸಿನ ಉಬುಂಟು ಆವೃತ್ತಿ ಹಾಕಿರುವ ಕಂಪ್ಯೂಟರು ಪಾಸ್‌ವರ್ಡ್ ಕೇಳುವಾಗ ಪರದೆಯ ಕೆಳಮೂಲೆಯಲ್ಲಿ ಹಲ್ಲುಚಕ್ರದ ಪುಟ್ಟ ಗುರುತೊಂದು ಕಾಣುತ್ತದೆ. ಮಂಡ್ಯದ ಕಾಲೇಜು ಲ್ಯಾಬಾಗಲಿ, ಮದ್ದೂರಿನ ಹೈಸ್ಕೂಲಾಗಲಿ, ಅದನ್ನು ಒತ್ತಿ ನೋಡಿದವರು ಕಡಿಮೆ. ಒತ್ತಿದರೆ ಎರಡು ಸಾಲು ತೆರೆದುಕೊಳ್ಳುತ್ತವೆ: ಒಂದು ಬರೀ ‘ಉಬುಂಟು’, ಇನ್ನೊಂದು ‘ಉಬುಂಟು ಆನ್ ಎಕ್ಸ್‌ಆರ್ಗ್’. 2025ರ ಅಕ್ಟೋಬರ್ 9ರಂದು ಬಿಡುಗಡೆಯಾದ ಉಬುಂಟು 25.10ರಲ್ಲಿ ಆ ಎರಡನೆಯ ಸಾಲು ಇಲ್ಲ. ಸುಮಾರು ನಾಲ್ಕು ದಶಕಗಳ ಕಾಲ ಯುನಿಕ್ಸ್ ಮತ್ತು ಲಿನಕ್ಸ್ ಕಂಪ್ಯೂಟರುಗಳ ಪರದೆಯನ್ನು ನೋಡಿಕೊಂಡ ‘ಎಕ್ಸ್’ ಎಂಬ ವ್ಯವಸ್ಥೆಗೆ ಹೀಗೆ ಉಬುಂಟುವಿನಲ್ಲಿ ಸದ್ದಿಲ್ಲದೆ ನಿವೃತ್ತಿಯಾಯಿತು. ಅದರ ಜಾಗಕ್ಕೆ ಬಂದಿರುವುದರ ಹೆಸರು ವೇಲ್ಯಾಂಡ್.

ಅದಾಗಿ ಐದೇ ದಿನಕ್ಕೆ, ಅಕ್ಟೋಬರ್ 14ರಂದು, ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪು, ಹೊಸ ತಲೆಮಾರಿನ ಪ್ರೊಸೆಸರು ಇಲ್ಲದ ಯಂತ್ರಗಳು ಮಂಡ್ಯ ಜಿಲ್ಲೆಯಲ್ಲೂ ಬೇಕಾದಷ್ಟಿವೆ. ಅವುಗಳಲ್ಲಿ ಒಂದಷ್ಟಾದರೂ ಗುಜರಿಗೆ ಹೋಗುವ ಬದಲು ಲಿನಕ್ಸಿಗೆ ಬರುತ್ತವೆ. ಹಾಗೆ ಬರುವವರು ಮೊದಲು ಎದುರಾಗುವುದೇ ಈ ಹೊಸ ಪರದೆಗೆ. ಹಾಗಾಗಿ ಇದು ಕೇವಲ ಎಂಜಿನಿಯರುಗಳ ಹರಟೆಯ ವಿಷಯವಾಗಿ ಉಳಿದಿಲ್ಲ.

ಪರದೆಯ ವ್ಯವಸ್ಥೆ ಎಂದರೇನು? ಬ್ರೌಸರು, ಲಿಬ್ರೆ ಆಫೀಸು, ವೀಡಿಯೊ ಪ್ಲೇಯರು ಒಟ್ಟಿಗೆ ತೆರೆದಿವೆ ಎಂದಿಟ್ಟುಕೊಳ್ಳಿ. ಯಾವ ಕಿಟಕಿ ಮೇಲೆ, ಯಾವುದು ಕೆಳಗೆ, ಮೌಸಿನ ಕ್ಲಿಕ್ಕು ಯಾವ ಪ್ರೋಗ್ರಾಮಿಗೆ ಸೇರಬೇಕು, ಒತ್ತಿದ ಕೀಲಿ ಯಾರಿಗೆ ತಲುಪಬೇಕು ಎಂದು ತೀರ್ಮಾನಿಸುವ ಒಂದು ಪ್ರೋಗ್ರಾಮು ಎಲ್ಲದರ ಹಿಂದೆ ಇರಲೇಬೇಕು. ವಿಂಡೋಸಿನಲ್ಲಿ ಅದು ಹೊಟ್ಟೆಯೊಳಗೇ ಅಡಗಿದೆ. ಲಿನಕ್ಸಿನಲ್ಲಿ ಅದು ಬೇರೆಯೇ ತುಂಡು. ಬೇರೆಯಾದ್ದರಿಂದಲೇ ಅದನ್ನು ಬದಲಿಸಲು ಸಾಧ್ಯ. ಬದಲಿಸಲು ಇಷ್ಟು ವರ್ಷ ಹಿಡಿದದ್ದೂ ಅದಕ್ಕೇ.

ಎಕ್ಸ್ ಹುಟ್ಟಿದ್ದು 1984ರ ಜೂನ್‌ನಲ್ಲಿ, ಅಮೆರಿಕದ ಎಂಐಟಿಯಲ್ಲಿ. ವಿದ್ಯಾರ್ಥಿಗಳಿಗೆ ಇಡೀ ಕ್ಯಾಂಪಸ್ಸಿನಲ್ಲಿ ಕಂಪ್ಯೂಟರು ಒದಗಿಸುವ ‘ಪ್ರಾಜೆಕ್ಟ್ ಅಥೀನಾ’ ಅಲ್ಲಿ ನಡೆಯುತ್ತಿತ್ತು. ಡಿಇಸಿ ಮತ್ತು ಐಬಿಎಂ ಅದರ ಬೆನ್ನಿಗಿದ್ದವು. ಒಂದು ಕಂಪನಿಯ ಯಂತ್ರಕ್ಕೂ ಇನ್ನೊಂದರ ಯಂತ್ರಕ್ಕೂ ಹೊಂದಾಣಿಕೆ ಇರಲಿಲ್ಲ. ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಎಲ್ಲ ಯಂತ್ರಗಳಿಗೂ ಒಗ್ಗುವ ಪರದೆ ವ್ಯವಸ್ಥೆ ಕಟ್ಟಲು ಕೂತರು. ಸ್ಟ್ಯಾನ್‌ಫರ್ಡಿನಿಂದ ಬಂದ ‘ಡಬ್ಲ್ಯು’ ಎಂಬ ಹಳೆಯ ವ್ಯವಸ್ಥೆಯನ್ನು ತಿದ್ದಿ ಮಾಡಿದ್ದರಿಂದ ವರ್ಣಮಾಲೆಯ ಮುಂದಿನ ಅಕ್ಷರವನ್ನೇ ಹೆಸರಾಗಿ ಇಟ್ಟರು. ಮೂರೇ ವರ್ಷದಲ್ಲಿ ಹನ್ನೊಂದನೆಯ ಆವೃತ್ತಿಗೆ ಬಂದರು. 1987ರ ಸೆಪ್ಟೆಂಬರಿನ ಆ ‘ಎಕ್ಸ್ 11’ ಅಲ್ಲಿಗೇ ನಿಂತಿತು. ಹನ್ನೆರಡು ಬರಲೇ ಇಲ್ಲ.

ಆ ಕಾಲಕ್ಕೆ ಅದರ ವಿನ್ಯಾಸ ನಿಜಕ್ಕೂ ಜಾಣತನದ್ದು. ಪ್ರೋಗ್ರಾಮು ಒಂದು ಯಂತ್ರದಲ್ಲಿ ಓಡಬಹುದು, ಅದರ ಕಿಟಕಿ ಇನ್ನೊಂದು ಯಂತ್ರದಲ್ಲಿ ಕಾಣಬಹುದು. ದುಬಾರಿ ಕಂಪ್ಯೂಟರು ಒಂದೇ ಇದ್ದರೂ ಅಗ್ಗದ ಟರ್ಮಿನಲ್‌ಗಳ ಮುಂದೆ ಹತ್ತಾರು ಹುಡುಗರು ಕೂತು ಕೆಲಸ ಮಾಡಬಹುದು. ಪ್ರೋಗ್ರಾಮು ‘ಇಲ್ಲಿಂದ ಇಲ್ಲಿಗೆ ಗೆರೆ ಎಳೆ’, ‘ಈ ಅಕ್ಷರ ಬರೆ’ ಎಂದು ಹೇಳಿ ಕಳಿಸಿದರೆ ಸಾಕು, ಬರೆಯುವ ಕೆಲಸ ಎಕ್ಸ್‌ನದು. ಅಕ್ಷರಗಳ ಅಚ್ಚೂ ಅದರ ಬಳಿಯೇ ಇರುತ್ತಿತ್ತು.

ತೊಡಕು ಶುರುವಾಗುವುದು ಈ ಅಕ್ಷರದಲ್ಲೇ. ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ಹೆಸರು ಸಾಕು, ನಲವತ್ತು ವರ್ಷದ ಕಥೆ ಬಿಡಿಸಲು. ಮೂರರಲ್ಲೂ ಒತ್ತಕ್ಷರವಿದೆ. ‘ಮಳವಳ್ಳಿ’ಯನ್ನು ಯೂನಿಕೋಡ್ ಏಳು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಕೊನೆಯ ನಾಲ್ಕು ಹೀಗಿವೆ: ಳ, ಅರ್ಧಾಕ್ಷರದ ಗುರುತು, ಮತ್ತೊಂದು ಳ, ಗುಡಿಸು. ಪರದೆಯ ಮೇಲೆ ಬರುವಾಗ ಎರಡನೆಯ ಳ ಒತ್ತಾಗಿ ಕೆಳಗಿಳಿಯಬೇಕು. ಕೊನೆಯಲ್ಲಿದ್ದ ಗುಡಿಸು ಹಿಂದಕ್ಕೆ ಹೋಗಿ ಮೊದಲನೆಯ ಳ ಮೇಲೆ ಕೂರಬೇಕು. 1987ರ ಎಕ್ಸ್‌ಗೆ ಗೊತ್ತಿದ್ದದ್ದು ಒಂದು ಸಂಕೇತಕ್ಕೆ ಒಂದು ಚಿತ್ರ, ಎಡದಿಂದ ಬಲಕ್ಕೆ ಸಾಲಾಗಿ ಇಡುವುದು, ಅಷ್ಟೇ. ಇಂಗ್ಲಿಷಿಗೆ ಅದು ಧಾರಾಳವಾಯಿತು. ಕನ್ನಡ, ತಮಿಳು, ಅರಬ್ಬಿಗೆ ಆಗಲಿಲ್ಲ.

ಪರಿಹಾರವೇನೋ ಬಂತು, ಆದರೆ ಎಕ್ಸ್‌ನ ಹೊರಗಡೆ. ಫ್ರೀಟೈಪ್, ಪ್ಯಾಂಗೊ, ಈಗ ಎಲ್ಲೆಡೆ ಬಳಕೆಯಲ್ಲಿರುವ ಹಾರ್ಫ್‌ಬಜ್ ಎಂಬ ಸಾಫ್ಟ್‌ವೇರ್ ಲೈಬ್ರರಿಗಳು ಅಕ್ಷರ ಜೋಡಿಸುವ ಕೆಲಸವನ್ನು ಪ್ರೋಗ್ರಾಮಿನ ಒಳಗೇ ಮಾಡಿ, ಸಿದ್ಧವಾದ ಚಿತ್ರವನ್ನು ಎಕ್ಸ್‌ನ ಕೈಗೆ ಕೊಡತೊಡಗಿದವು. ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯಲ್ಲಿ ಇಂದು ಸಿಗುವ ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟುಗಳು ಪರದೆಗೆ ಬರುವುದು ಈ ದಾರಿಯಲ್ಲಿ. ಅಕ್ಷರದ ಹಿಂದೆಯೇ ಬಣ್ಣ, ನೆರಳು, ಮೂರು ಆಯಾಮದ ಚಿತ್ರ, ಕಿಟಕಿಗಳನ್ನು ಒಂದರ ಮೇಲೊಂದು ಪಾರದರ್ಶಕವಾಗಿ ಜೋಡಿಸುವ ಕೆಲಸಗಳೂ ಒಂದೊಂದಾಗಿ ಎಕ್ಸ್‌ನ ಮನೆ ಬಿಟ್ಟವು. ಜೋಡಿಸುವ ಕೆಲಸವನ್ನು ‘ಕಾಂಪೋಸಿಟರ್’ ಎಂಬ ಇನ್ನೊಂದು ಪ್ರೋಗ್ರಾಮು ವಹಿಸಿಕೊಂಡಿತು.

ಕೊನೆಗೆ ಎಕ್ಸ್‌ನ ಸ್ಥಿತಿ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಕಾಯಿಯನ್ನೂ ಮುಟ್ಟದ, ಲಾರಿಯನ್ನೂ ಇಡದ ದಲ್ಲಾಳಿಯಂತಾಯಿತು. ಚಿತ್ರ ಬರೆಯುವುದು ಪ್ರೋಗ್ರಾಮು, ಜೋಡಿಸುವುದು ಕಾಂಪೋಸಿಟರು. ಆದರೂ ಪ್ರತಿಯೊಂದು ಮಾತೂ ನಡುವೆ ಕೂತ ಎಕ್ಸ್‌ನ ಮೂಲಕವೇ ಹೋಗಿ ಬರಬೇಕು. ವೀಡಿಯೊ ಓಡುವಾಗ ಚಿತ್ರ ಅಡ್ಡಡ್ಡ ಸೀಳಿದಂತೆ ಕಾಣುವುದು, ಲ್ಯಾಪ್‌ಟಾಪಿಗೆ ಪ್ರೊಜೆಕ್ಟರು ಸಿಕ್ಕಿಸಿದಾಗ ಒಂದರಲ್ಲಿ ಅಕ್ಷರ ದೊಡ್ಡದಾದರೆ ಇನ್ನೊಂದರಲ್ಲಿ ಇರುವೆಯಷ್ಟಾಗುವುದು, ಇವಕ್ಕೆಲ್ಲ ಮೂಲ ಈ ಹಳೆಯ ಏರ್ಪಾಡು.

ನಡುವಿನವನನ್ನೇ ತೆಗೆದರೆ ಹೇಗೆ ಎಂದು 2008ರಲ್ಲಿ ಯೋಚಿಸಿದವರು ರೆಡ್‌ಹ್ಯಾಟ್ ಕಂಪನಿಯಲ್ಲಿದ್ದ ಕ್ರಿಸ್ಟಿಯನ್ ಹಾಗ್ಸ್‌ಬರ್ಗ್. ಮೆಸಾಚುಸೆಟ್ಸ್ ರಾಜ್ಯದ ವೇಲ್ಯಾಂಡ್ ಎಂಬ ಊರನ್ನು ಕಾರಿನಲ್ಲಿ ಹಾಯುತ್ತಿದ್ದಾಗ ಹೊಳೆದ ಆಲೋಚನೆ ಎಂದು ಊರಿನ ಹೆಸರೇ ಅದಕ್ಕೆ ಅಂಟಿಕೊಂಡಿತು. ವೇಲ್ಯಾಂಡ್ ಎಂಬುದು ಒಂದು ಪ್ರೋಗ್ರಾಮಲ್ಲ, ಪ್ರೋಗ್ರಾಮು ಮತ್ತು ಕಾಂಪೋಸಿಟರು ಹೇಗೆ ಮಾತಾಡಬೇಕು ಎಂಬ ಕಟ್ಟಳೆ. ಗ್ನೋಮ್ ಡೆಸ್ಕ್‌ಟಾಪಿಗೆ ಅದರದೇ ಕಾಂಪೋಸಿಟರು, ಕೆಡಿಇ ಡೆಸ್ಕ್‌ಟಾಪಿಗೆ ಅದರದೇ. ಪ್ರೋಗ್ರಾಮು ತನ್ನ ಚಿತ್ರವನ್ನು ತಾನೇ ಪೂರ್ತಿ ಬರೆದು ಕೊಡುತ್ತದೆ. ಕಾಂಪೋಸಿಟರು ಅದನ್ನು ಪರದೆಗೆ ಏರಿಸುತ್ತದೆ. ಅರ್ಧ ಬರೆದ ಚಿತ್ರ ಕಣ್ಣಿಗೆ ಬೀಳುವುದಿಲ್ಲ. ಇದನ್ನು ಕಟ್ಟಿದವರಲ್ಲಿ ಹಲವರು ಎಕ್ಸ್ ಅನ್ನು ವರ್ಷಗಟ್ಟಲೆ ರಿಪೇರಿ ಮಾಡುತ್ತ ಬಂದವರೇ. ಹಳೆಯದನ್ನು ದ್ವೇಷಿಸುವವರು ಹೊಸದನ್ನು ತಂದರು ಎಂಬ ಆರೋಪಕ್ಕೆ ಅಷ್ಟೇನೂ ಹುರುಳಿಲ್ಲ.

ಇನ್ನೊಂದು ಕಾರಣ ಭದ್ರತೆ. ಎಕ್ಸ್ ಹುಟ್ಟಿದ ಕ್ಯಾಂಪಸ್ಸಿನಲ್ಲಿ ಎಲ್ಲರೂ ಎಲ್ಲರನ್ನೂ ನಂಬುತ್ತಿದ್ದರು. ಹಾಗಾಗಿ ಒಂದೇ ಪರದೆಯಡಿ ಓಡುವ ಯಾವ ಪ್ರೋಗ್ರಾಮು ಬೇಕಾದರೂ ಮಿಕ್ಕವುಗಳ ಕೀಲಿಯೊತ್ತನ್ನು ಕೇಳಿಸಿಕೊಳ್ಳಬಹುದು, ಕಿಟಕಿಯ ಚಿತ್ರ ತೆಗೆಯಬಹುದು. ಸೈಬರ್ ಸೆಂಟರಿನಲ್ಲಿ ಕೂತು ಬ್ಯಾಂಕಿನ ಪಾಸ್‌ವರ್ಡ್ ಒತ್ತುವ ಕಾಲಕ್ಕೆ ಇದು ಹೊಂದುವ ಮಾತಲ್ಲ. ಎಕ್ಸ್‌ನ ಲೈಬ್ರರಿಗಳಲ್ಲಿ 2023ರ ಅಕ್ಟೋಬರಿನಲ್ಲಿ ಬಯಲಾದ ಕೆಲವು ಲೋಪಗಳು 1988ರಿಂದಲೂ ಅಲ್ಲೇ ಇದ್ದವು. ಮೂವತ್ತೈದು ವರ್ಷ ಯಾರ ಕಣ್ಣಿಗೂ ಬೀಳದ ತೂತು! ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಮಿಗೆ ತನ್ನ ಕಿಟಕಿಯ ಆಚೆ ಏನಿದೆ ಎಂಬುದೇ ತಿಳಿಯುವುದಿಲ್ಲ. ಪರದೆ ಹಂಚಿಕೊಳ್ಳಬೇಕಾದರೆ ಬಳಕೆದಾರನನ್ನು ಕೇಳಿ ಒಪ್ಪಿಗೆ ಪಡೆಯಬೇಕು.

ಇಷ್ಟೆಲ್ಲ ಚೆನ್ನಾಗಿದ್ದರೆ ಹದಿನೇಳು ವರ್ಷ ಯಾಕೆ ಬೇಕಾಯಿತು? ಜಗಳ, ಜಂಭ, ಗ್ರಾಫಿಕ್ಸ್ ಕಾರ್ಡು, ಎಲ್ಲವೂ ಸೇರಿ. ವೇಲ್ಯಾಂಡ್‌ನ ಮೊದಲ ಪೂರ್ಣ ಆವೃತ್ತಿ ಬಂದದ್ದು 2012ರ ಅಕ್ಟೋಬರಿನಲ್ಲಿ. ನಾಲ್ಕೈದು ತಿಂಗಳಿಗೆ ಉಬುಂಟುವಿನ ಒಡೆಯ ಕಂಪನಿ ಕೆನಾನಿಕಲ್, ‘ಮಿರ್’ ಎಂಬ ತನ್ನದೇ ಬೇರೆ ವ್ಯವಸ್ಥೆ ತರುತ್ತೇನೆಂದು ಘೋಷಿಸಿತು. 2017ರ ಏಪ್ರಿಲ್‌ನಲ್ಲಿ ತನ್ನ ಡೆಸ್ಕ್‌ಟಾಪಿಗೆ ಆ ದಾರಿಯನ್ನು ಕೈಬಿಟ್ಟಿತು. ಅದೇ ವರ್ಷದ 17.10ರಲ್ಲಿ ವೇಲ್ಯಾಂಡ್ ಕೊಟ್ಟು, 18.04ರಲ್ಲಿ ಎಕ್ಸ್‌ಗೆ ಮರಳಿ, 21.04ರಲ್ಲಿ ಮತ್ತೆ ವೇಲ್ಯಾಂಡ್ ಎಂದಿತು. ಗ್ರಾಫಿಕ್ಸ್ ಕಾರ್ಡು ತಯಾರಿಸುವ ಎನ್‌ವಿಡಿಯಾ ಬೇರೆಯವರೆಲ್ಲ ಒಪ್ಪಿದ ದಾರಿ ಬಿಟ್ಟು ತನ್ನದೇ ವಿಧಾನ ಹಿಡಿದು ಕೂತಿತ್ತು, 2021ರಲ್ಲಷ್ಟೇ ಬಗ್ಗಿತು. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಆವೃತ್ತಿ ಮಾತ್ರ 2016ರ ನವೆಂಬರಿನಲ್ಲೇ ಧೈರ್ಯ ಮಾಡಿತ್ತು. ಡೆಬಿಯನ್ 2019ರಲ್ಲಿ, ಕೆಡಿಇ ಪ್ಲಾಸ್ಮಾ 2024ರ ಫೆಬ್ರವರಿಯಲ್ಲಿ, ರಾಸ್ಪ್‌ಬೆರಿ ಪೈ 2023–24ರಲ್ಲಿ ಹಿಂಬಾಲಿಸಿದವು. 2025ರ ಮೇ ತಿಂಗಳಿನ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಂತೂ ಎಕ್ಸ್ ಸರ್ವರನ್ನೇ ತೆಗೆದುಹಾಕಲಾಗಿದೆ.

ಇದೆಲ್ಲ ಕಾವೇರಿ ಬಯಲಿನಿಂದ ದೂರದ ಸುದ್ದಿ ಎನಿಸಬಹುದು. ಹಾಗಲ್ಲ. 2011ರ ಆಸುಪಾಸಿನಿಂದ ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ‘ವಿಷಯ ಶಿಕ್ಷಕರ ವೇದಿಕೆ’ ಹೆಸರಿನಲ್ಲಿ ತರಬೇತಿ ನಡೆಯಿತು. ಶಿಕ್ಷಣ ಇಲಾಖೆಯ ಜತೆ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಕೈಜೋಡಿಸಿತ್ತು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಲ್ಯಾಬುಗಳಲ್ಲಿ ಗಣಿತದ ಮೇಷ್ಟ್ರುಗಳು ಜಿಯೋಜಿಬ್ರಾ ಕಲಿತದ್ದು, ಕನ್ನಡದಲ್ಲಿ ಟೈಪು ಮಾಡಿದ್ದು ಉಬುಂಟುವಿನ ಮೇಲೆ. ಅಂದು ಅವರ ಮುಂದಿದ್ದ ಪರದೆ ಎಕ್ಸ್‌ನದು.

ಗಡಿಯಾಚೆಯ ಕಾಸರಗೋಡಿನ ಶಾಲೆಗಳಲ್ಲಿ ಲಿನಕ್ಸ್ ಬಳಕೆ ಇನ್ನೂ ದೊಡ್ಡ ಪ್ರಮಾಣದ್ದು. ಕೇರಳದ ಶಾಲೆಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸ್ವತಂತ್ರ ತಂತ್ರಾಂಶದ ಮೇಲೆ ನಡೆಯುತ್ತವೆ. ಅಲ್ಲಿನ ಸರ್ಕಾರದ ‘ಕೈಟ್’ ಸಂಸ್ಥೆ ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಬೇರೆ ಆವೃತ್ತಿ ಸಿದ್ಧಮಾಡುತ್ತದೆ. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಅಲ್ಲಿನ ಆವೃತ್ತಿ 18.04ರಿಂದ 22.04ರ ತಳಹದಿಗೆ ಬಂದಾಗ ಆ ತಳಹದಿಯೇ ಎಕ್ಸ್ ಬಿಟ್ಟು ವೇಲ್ಯಾಂಡ್ ಕಡೆ ವಾಲಿತ್ತು. ಲಿನಕ್ಸಿನಲ್ಲಿ ಕನ್ನಡ ಹೇಗೆ ನಡೆಯುತ್ತದೆ ಎಂದು ದಿನನಿತ್ಯ ಪರೀಕ್ಷಿಸುವ ಅತಿ ದೊಡ್ಡ ಗುಂಪು ಕರ್ನಾಟಕದ ಹೊರಗಿರಬಹುದೇ ಎಂಬ ಅನುಮಾನ ಸುಮ್ಮನೆ ಬರುವುದಲ್ಲ.

ಎಂಜಿನಿಯರಿಂಗ್ ಲ್ಯಾಬುಗಳಲ್ಲಿ ಬೇರೆಯದೇ ಸಂಗತಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಪಠ್ಯಕ್ರಮದಲ್ಲಿ ಆರನೆಯ ಸೆಮಿಸ್ಟರಿನ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬು ಇತ್ತು. ಮದ್ದೂರು ತಾಲ್ಲೂಕಿನ ಭಾರತೀನಗರದಿಂದ ಬೀದರಿನವರೆಗೆ ಕಂಪ್ಯೂಟರ್ ಸೈನ್ಸ್ ಹುಡುಗರು ಓಪನ್‌ಜಿಎಲ್‌ನಲ್ಲಿ ತಿರುಗುವ ಘನ ಬರೆದು ಅಂಕ ಪಡೆದರು. ಅದಕ್ಕೆ ಬಳಸುವ ‘ಗ್ಲಟ್’ ಎಂಬ ಲೈಬ್ರರಿಯನ್ನು 1990ರ ದಶಕದಲ್ಲಿ ಮಾರ್ಕ್ ಕಿಲ್ಗಾರ್ಡ್ ಬರೆದದ್ದೇ ಎಕ್ಸ್‌ಗಾಗಿ. ಎಕ್ಸ್ ಹೋದರೆ ಆ ಘನ ತಿರುಗುತ್ತದೆಯೇ? ತಿರುಗುತ್ತದೆ. ‘ಎಕ್ಸ್‌ವೇಲ್ಯಾಂಡ್’ ಎಂಬ ಏರ್ಪಾಡು ವೇಲ್ಯಾಂಡಿನ ಒಳಗೇ ಒಂದು ಪುಟ್ಟ ಎಕ್ಸ್ ಅನ್ನು ಓಡಿಸುತ್ತದೆ. ಹಳೆಯ ಪ್ರೋಗ್ರಾಮಿಗೆ ತಾನು ಹೊಸ ಮನೆಯಲ್ಲಿದ್ದೇನೆ ಎಂಬ ಅರಿವೂ ಇರುವುದಿಲ್ಲ. ರೆಡ್‌ಹ್ಯಾಟ್ ಎಕ್ಸ್ ತೆಗೆದರೂ ಇದನ್ನು ಉಳಿಸಿಕೊಂಡಿದೆ. ಎಕ್ಸ್ ಸತ್ತಿತು ಎನ್ನುವವರು ಈ ಭಾಗವನ್ನು ಹೇಳಲು ಮರೆಯುತ್ತಾರೆ.

ಕನ್ನಡಿಗರಿಗೆ ನಿಜವಾದ ಪ್ರಶ್ನೆ ಕೀಬೋರ್ಡಿನದು. ‘ಸಾ, ಕನ್ನಡ ಬತ್ತಾ ಇಲ್ಲ’ ಎಂಬ ಮಾತು ಲ್ಯಾಬಿನಲ್ಲಿ ಕೇಳಿಬಂದರೆ ಫಾಂಟಿಗಿಂತ ಮೊದಲು ಅನುಮಾನಿಸಬೇಕಾದದ್ದು ಇದನ್ನು.

ಲಿನಕ್ಸಿನಲ್ಲಿ ಕನ್ನಡ ಟೈಪು ಮಾಡಲು ಎರಡು ದಾರಿ. ಮೊದಲನೆಯದು ಸರಳ ಕೀಲಿನಕ್ಷೆ: ಇಂಥ ಕೀಲಿಗೆ ಇಂಥ ಅಕ್ಷರ ಎಂಬ ಪಟ್ಟಿ. ಎಕ್ಸ್‌ನ ಕಾಲದ ಈ ಪಟ್ಟಿಗಳ ಕಡತವನ್ನೇ ವೇಲ್ಯಾಂಡ್ ಕೂಡ ಓದುವುದರಿಂದ ಇಲ್ಲಿ ಏನೂ ಕಳೆದುಹೋಗಲಿಲ್ಲ. ಆ ಕಡತದಲ್ಲಿ ‘ಕನ್ನಡ, ಕಗಪ’ ಎಂಬ ನಕ್ಷೆಯಿದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ಕೀಲಿ ವಿನ್ಯಾಸ ಅದು. ಅದೇ ಪಟ್ಟಿಯಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿಗೂ ಕಗಪ ಹೆಸರಿನ ನಕ್ಷೆಗಳಿವೆ. ಬೆಂಗಳೂರಿನ ಒಂದು ಪರಿಷತ್ತಿನ ಹೆಸರು ಜಗತ್ತಿನ ಬಹುಪಾಲು ಲಿನಕ್ಸ್ ಕಂಪ್ಯೂಟರುಗಳ ಒಳಗೆ ಕೂತಿದೆ ಎಂಬುದು ಕನ್ನಡಿಗರಲ್ಲೇ ಹೆಚ್ಚು ಜನರಿಗೆ ತಿಳಿದಂತಿಲ್ಲ.

ಎರಡನೆಯ ದಾರಿ ಸ್ವಲ್ಪ ಬುದ್ಧಿವಂತಿಕೆಯದು. ಹಿಂದಿನ ಅಕ್ಷರ ಏನಿತ್ತು ಎಂದು ನೋಡಿ, ಒತ್ತಿದ್ದು ಸ್ವರವೋ ಗುಣಿತದ ಗುರುತೋ ಎಂದು ತೀರ್ಮಾನಿಸುವ ಸಾಧನಗಳು ಬೇಕು. ಐಬಸ್ ಮತ್ತು ಫಿಟ್ಕ್ಸ್ ಎಂಬವು ಈ ಕೆಲಸ ಮಾಡುತ್ತವೆ. ಕಗಪ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ವಿಧಾನಗಳು ಐಬಸ್‌ನಲ್ಲಿ ಸಿಗುತ್ತವೆ. ಎಕ್ಸ್‌ನ ಕಾಲದಲ್ಲಿ ಪ್ರೋಗ್ರಾಮೇ ಕೀಲಿಗಳನ್ನು ಇಂಥ ಸಾಧನಕ್ಕೆ ಒಪ್ಪಿಸಿ, ಬದಲಾದ ಅಕ್ಷರವನ್ನು ಮರಳಿ ಪಡೆಯುವ ಏರ್ಪಾಡು ಇತ್ತು.  ವೇಲ್ಯಾಂಡ್‌ನಲ್ಲಿ ಕೀಲಿಗಳು ಕಾಂಪೋಸಿಟರಿನ ಮೂಲಕ ಬರುತ್ತವೆ. ಈಗ ಪಠ್ಯದ ಮಾತುಕತೆಗೆಂದೇ ಬೇರೆ ಕಟ್ಟಳೆ ಬೇಕು. ಪ್ರೋಗ್ರಾಮು, ಕಾಂಪೋಸಿಟರು, ಐಬಸ್ ಮೂವರೂ ಅದನ್ನು ಒಂದೇ ರೀತಿ ಅರ್ಥಮಾಡಿಕೊಳ್ಳಬೇಕು. ಗ್ನೋಮ್ 2012ರಲ್ಲೇ ಐಬಸ್ ಅನ್ನು ತನ್ನೊಳಗೆ ಸೇರಿಸಿಕೊಂಡಿದ್ದರಿಂದ ಅಲ್ಲಿ ಕಷ್ಟ ಕಡಿಮೆ. ಕೆಡಿಇಯಲ್ಲಿ ‘ವರ್ಚುವಲ್ ಕೀಬೋರ್ಡ್’ ಎಂಬ ಪುಟಕ್ಕೆ ಹೋಗಿ ಐಬಸ್ ಅಥವಾ ಫಿಟ್ಕ್ಸ್ 5 ಅನ್ನು ಆರಿಸಬೇಕು. ಕನ್ನಡ ಟೈಪಿಂಗ್ ಹುಡುಕುವವನು ಪರದೆ ಮೇಲಿನ ಕೀಬೋರ್ಡಿನ ಹೆಸರಿರುವ ಪುಟಕ್ಕೆ ಯಾಕೆ ಹೋಗುತ್ತಾನೆ ಎಂದು ಕೇಳಬೇಡಿ. ಕ್ರೋಮಿಯಂ ಬುಡದ ಬ್ರೌಸರುಗಳನ್ನು ಕೆಲಕಾಲ ವಿಶೇಷ ಸೂಚನೆ ಕೊಟ್ಟು ತೆರೆದರಷ್ಟೇ ಐಬಸ್ ಕೆಲಸ ಮಾಡುತ್ತಿತ್ತು.

ಈ ಕಟ್ಟಳೆಗಳನ್ನು ಬರೆಯುವಾಗ ಚೀನಿ, ಜಪಾನಿ, ಕೊರಿಯನ್ ಬಳಕೆದಾರರು ಮೇಜಿನ ಮುಂದೆ ಇದ್ದರು. ಐಬಸ್ ಶುರುಮಾಡಿದವರೂ ರೆಡ್‌ಹ್ಯಾಟ್‌ನ ಪೆಂಗ್ ಹುವಾಂಗ್. ಆ ಬಳಕೆದಾರರ ಅಗತ್ಯ ಕನ್ನಡದ ಅಗತ್ಯಕ್ಕೆ ಬಹುಮಟ್ಟಿಗೆ ಹತ್ತಿರ ಇದ್ದದ್ದು ನಮ್ಮ ಅದೃಷ್ಟ. ಪಟ್ಟಿಯಿಂದ ಪದ ಆರಿಸುವ ಭಾಷೆಗಳಿಗೆ ಬೇಕಾದದ್ದು ಬಂದಿದೆ. ಕನ್ನಡಕ್ಕೆ ಬೇಕಾದ ಸಣ್ಣ ಸಂಗತಿ, ಉದಾಹರಣೆಗೆ ಅಳಿಸುವ ಕೀಲಿ ಒತ್ತಿದಾಗ ಒತ್ತು ಮಾತ್ರ ಹೋಗಬೇಕೋ ಇಡೀ ಅಕ್ಷರ ಹೋಗಬೇಕೋ ಎಂಬುದು, ಕನ್ನಡದಲ್ಲಿ ಬರೆಯುವವರು ದೂರು ಕೊಟ್ಟರೆ ಮಾತ್ರ ಸರಿಹೋಗುವಂಥದ್ದು.

ಜಿಲ್ಲೆಯ ಡಿಟಿಪಿ ಅಂಗಡಿಗಳಿಗೆ ಸದ್ಯ ಈ ಯಾವುದೂ ತಟ್ಟುವುದಿಲ್ಲ. ಲಗ್ನಪತ್ರಿಕೆ, ಹರಕೆಯ ಬ್ಯಾನರು, ಸೊಸೈಟಿ ಚುನಾವಣೆಯ ಕರಪತ್ರ ಎಲ್ಲವೂ ವಿಂಡೋಸ್, ಪೇಜ್‌ಮೇಕರ್, ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲೇ ಆಗುತ್ತಿವೆ. ಅವರನ್ನು ಅಲ್ಲಿ ಕಟ್ಟಿಹಾಕಿರುವುದು ಪರದೆಯ ವ್ಯವಸ್ಥೆಯಲ್ಲ, ಯೂನಿಕೋಡಿಗೆ ಬಾರದ ಇಪ್ಪತ್ತು ವರ್ಷದ ಕಡತಗಳ ರಾಶಿ.

ಬದಲಾವಣೆಯಲ್ಲಿ ನಷ್ಟವೂ ಇದೆ. ಒಂದು ಯಂತ್ರದ ಕಿಟಕಿಯನ್ನು ಇನ್ನೊಂದರಲ್ಲಿ ತೋರಿಸುವ ಎಕ್ಸ್‌ನ ಹುಟ್ಟುಗುಣ ವೇಲ್ಯಾಂಡಿಗಿಲ್ಲ. ಅದಕ್ಕೆ ಬೇರೆ ಸಾಧನ ಜೋಡಿಸಬೇಕು. ಕಾಣದವರಿಗೆ ಪರದೆಯನ್ನು ಓದಿ ಹೇಳುವ ‘ಓರ್ಕ’ ಎಂಬ ತಂತ್ರಾಂಶ ಕೀಲಿಗಳನ್ನು ಮೊದಲೇ ಕೇಳಿಸಿಕೊಳ್ಳಬೇಕಾಗುತ್ತದೆ. ಹೊಸ ವ್ಯವಸ್ಥೆಯ ಬಿಗಿ ಕಾವಲಿನಿಂದ ಅದಕ್ಕೆ ತುಂಬ ವರ್ಷ ಕಷ್ಟವಾಯಿತು. ಗ್ನೋಮ್ 48ರ ಹೊತ್ತಿಗೆ, ಅಂದರೆ 2025ರ ಮಾರ್ಚಿನಲ್ಲಿ, ಒಂದು ಮಟ್ಟಿಗಿನ ಪರಿಹಾರ ಬಂತು. ಇ-ಸ್ಪೀಕ್ ಧ್ವನಿಯ ಮೂಲಕ ಓರ್ಕ ಕನ್ನಡವನ್ನೂ ಓದುತ್ತದೆ, ಧ್ವನಿ ಯಂತ್ರದಂತಿದ್ದರೂ. ಕಾಣುವವರಿಗೆ ಚಂದದ ಪರದೆ 2016ರಲ್ಲೇ ಸಿಕ್ಕಿತು, ಕಾಣದವರು ಒಂಬತ್ತು ವರ್ಷ ಕಾದರು. ಇದನ್ನು ಹೊಸ ವ್ಯವಸ್ಥೆಯ ಬೆಂಬಲಿಗರು ಇನ್ನಷ್ಟು ಗಟ್ಟಿಯಾಗಿ ಒಪ್ಪಿಕೊಳ್ಳಬೇಕಿತ್ತು.

ಹಳೆಯ ಯಂತ್ರವಿರುವವರು ಗಾಬರಿಬೀಳಬೇಕಾಗಿಲ್ಲ. ಎಕ್ಸ್‌ನ ಆಯ್ಕೆ ಇನ್ನೂ ಇರುವ ಉಬುಂಟು 24.04ಕ್ಕೆ 2029ರವರೆಗೆ ಬೆಂಬಲವಿದೆ. ಕಡಿಮೆ ಮೆಮೊರಿಯ ಕಂಪ್ಯೂಟರಿಗೆ ಒಪ್ಪುವ ಎಕ್ಸ್‌ಎಫ್‌ಸಿಇ, ಲಿನಕ್ಸ್ ಮಿಂಟ್‌ನ ಸಿನಮನ್ ಡೆಸ್ಕ್‌ಟಾಪುಗಳಲ್ಲಿ ವೇಲ್ಯಾಂಡ್ ಈಗಷ್ಟೇ ಪ್ರಯೋಗದ ಹಂತದಲ್ಲಿದೆ. ಕೆಡಿಇ ಮಾತ್ರ ಗಡುವು ಹಾಕಿದೆ: ಪ್ಲಾಸ್ಮಾ 6.8ರಿಂದ ಎಕ್ಸ್ ಇರುವುದಿಲ್ಲ, ಅದರ ಹಿಂದಿನ ಆವೃತ್ತಿಯ ಬೆಂಬಲ 2027ರ ಆರಂಭದವರೆಗೆ.

ಬೇಸಿಗೆ ರಜೆಯಲ್ಲಿ ಲ್ಯಾಬಿನ ಯಂತ್ರಗಳಿಗೆ ಹೊಸ ಆವೃತ್ತಿ ಹಾಕುವ ಮೇಷ್ಟ್ರು ಮೊದಲು ಒಂದೇ ಯಂತ್ರದಲ್ಲಿ ಹಾಕಿ ನೋಡುವುದು ಕ್ಷೇಮ. ಸೆಟ್ಟಿಂಗ್ಸಿನಲ್ಲಿ ಯಂತ್ರದ ವಿವರ ಕೊಡುವ ಪುಟ ತೆರೆದರೆ ‘ವಿಂಡೋಯಿಂಗ್ ಸಿಸ್ಟಮ್’ ಎಂಬ ಸಾಲಿನಲ್ಲಿ ಯಾವ ವ್ಯವಸ್ಥೆ ಓಡುತ್ತಿದೆ ಎಂದು ಬರೆದಿರುತ್ತದೆ. ಆಮೇಲೆ ಪ್ರೊಜೆಕ್ಟರು ಸಿಕ್ಕಿಸಬೇಕು, ಆನ್‌ಲೈನ್ ತರಗತಿಯ ಪರದೆ ಹಂಚಿಕೆ ನೋಡಬೇಕು, ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಕ್ರೋಮ್ ಮೂರರಲ್ಲೂ ಕಗಪ ಹಾಕಿ ‘ಮಳವಳ್ಳಿ’ ಎಂದು ಒತ್ತಬೇಕು. ಎಫ್ ಕೀಲಿಗೆ ಅರ್ಧಾಕ್ಷರ ಬಂದು, ಕೊನೆಯ ಗುಡಿಸು ಸರಿಯಾದ ಳಕಾರದ ಮೇಲೆ ಕೂತರೆ ಉಳಿದ ಯಂತ್ರಗಳಿಗೂ ಹಾಕಬಹುದು. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ತಪ್ಪು ಬಹುಶಃ ಆ ಪ್ರೋಗ್ರಾಮಿನದು. ಯಾವ ಆವೃತ್ತಿ, ಯಾವ ಡೆಸ್ಕ್‌ಟಾಪು, ಯಾವ ಕೀಲಿ ಎಂದು ಬರೆದು ಅದನ್ನು ಮಾಡುವವರಿಗೆ ಕಳಿಸಬೇಕು.